ಸೀನುವ ಕೂಸನ್ನು ಬೆಳೆಸುವ ಸರಿಯಾದ ಕ್ರಮ

ಮೊದಲು ಜಾಗ ಆರಿಸಿರಿ. ಬೆಂಗಳೂರಿನಿಂದ ಬರುವ ಹೆದ್ದಾರಿ ಕವಲೊಡೆದು, ಒಂದು ದಾರಿ ಹುಬ್ಬಳ್ಳಿಯ ಒಳಕ್ಕೂ ಇನ್ನೊಂದು ಬೈಪಾಸಾಗಿ ಧಾರವಾಡದಾಚೆಯ ನರೇಂದ್ರದ ಕಡೆಗೂ ಹೋಗುವ ಗಬ್ಬೂರಿಗಿಂತ ಅನುಕೂಲದ ಜಾಗ ನಿಮಗೆ ಸಿಗಲಿಕ್ಕಿಲ್ಲ. ಒಂದು ಮಗ್ಗುಲಿಗೆ ಹಗಲು ರಾತ್ರಿ ಲಾರಿ. ಇನ್ನೊಂದು ಮಗ್ಗುಲಿಗೆ ಇನ್ನೂ ಎನ್.ಎ. (ಕೃಷಿಯೇತರ) ಆಗದೆ ಉಳಿದ ಎರೆಹೊಲ, ಅಲ್ಲಲ್ಲಿ ಎಮ್ಮೆ ಕಟ್ಟಿದ ಮನೆ. ಕೂಸಿನ ಮೈಗೆ ಬೇಕಾದದ್ದೂ ಇಲ್ಲಿದೆ, ಬೇಡವಾದದ್ದೂ ಇಲ್ಲಿದೆ. ಬೇಕಾದದ್ದನ್ನು ಹೊರಗೆ ನಿಲ್ಲಿಸಿ ಬೇಡವಾದದ್ದನ್ನು ಒಳಗೆ ಕರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಗುರಿ ದೊಡ್ಡದಿರಲಿ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ಎರಡು ದಶಕ ಇಟ್ಟರು. 1979ರಲ್ಲಿ ಹಾಗೆ ಬಂದ ನೂರು ಮಕ್ಕಳಲ್ಲಿ 9 ಮಕ್ಕಳಿಗೆ ಅಸ್ತಮಾ ಇತ್ತು. 1999ಕ್ಕೆ ಅದು ನೂರಕ್ಕೆ 29.5 ಆಯಿತು. ಒಂದು ಆಸ್ಪತ್ರೆಯ ಲೆಕ್ಕ ಇಡೀ ನಗರದ ಲೆಕ್ಕವಲ್ಲ ಎಂದು ತಕರಾರು ತೆಗೆಯುವವರು ತೆಗೆಯಲಿ, ನಮಗೆ ಬೇಕಾದದ್ದು ಉತ್ಸಾಹ. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಏರಿಸುವುದು ಬೆಂಗಳೂರಿಗೆ ಸಾಧ್ಯವಾದರೆ, ಹಾಕಿದ ರಸ್ತೆಯನ್ನು ಮರುವಾರ ಅಗೆಯುವ ನಮಗೇಕೆ ಆಗದು?

ಈಗ ಕಿಟಕಿ ಮುಚ್ಚಿರಿ. ಹೆದ್ದಾರಿಯ ಕಡೆಯ ಕಿಟಕಿ ಮುಚ್ಚುವುದರಲ್ಲಿ ಹೆಚ್ಚುಗಾರಿಕೆ ಇಲ್ಲ, ತಿಳಿದವರೂ ಅದನ್ನು ಮುಚ್ಚುತ್ತಾರೆ. ನೀವು ಹೊಲದ ಕಡೆಯದನ್ನೂ ಮುಚ್ಚಿರಿ. ಮುಚ್ಚಿ ಪರದೆ ಎಳೆಯಿರಿ. ಎಕ್ಸಾಸ್ಟ್ ಫ್ಯಾನಿನ ಕಿಂಡಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತದೆಂದು ರಟ್ಟು ಬಡಿಯಿರಿ. ಆಮೇಲೆ ಮಿರ್ಚಿ ಕರಿದ ಎಣ್ಣೆಯ ಹೊಗೆ, ಒಗ್ಗರಣೆಯ ಘಾಟು, ದೇವರ ಮುಂದಿನ ಊದಿನಕಡ್ಡಿ ಎಲ್ಲವೂ ಹೋಗಲು ದಾರಿ ಕಾಣದೆ ತೊಟ್ಟಿಲ ಸುತ್ತ ಕೂಡುತ್ತವೆ.

ಸಂಜೆಯಾಗುತ್ತಲೇ ಸೊಳ್ಳೆ ಬತ್ತಿ ಹಚ್ಚಿರಿ. ಮಂಚದ ಕೆಳಗಿಟ್ಟರೆ ಒಳ್ಳೆಯದು, ಕೂಸಿನ ಮೂಗಿಗೆ ಸಮೀಪ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಬತ್ತಿ ಪೂರ್ತಿ ಉರಿದರೆ ಹೊಮ್ಮುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟಿನಷ್ಟು ಎಂದು ಅಳೆದಿದ್ದಾರೆ. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಮುಟ್ಟುವುದಿಲ್ಲ ಎಂದು ಬೀಗರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳಿರಿ, ಹೇಳಿ ಇನ್ನೊಂದು ಬತ್ತಿ ಹಚ್ಚಿರಿ. ಸೊಳ್ಳೆ ಪರದೆ ಕಟ್ಟಬೇಡಿರಿ. ಅದು ಹೊಗೆ ಬಿಡುವುದಿಲ್ಲ, ಪ್ರತಿ ತಿಂಗಳು ಕೊಳ್ಳಬೇಕಾಗಿಯೂ ಇಲ್ಲ. ಅಂಥದ್ದರಿಂದ ಯಾರಿಗೇನು ಲಾಭ?

ಬಾಣಂತನಕ್ಕೆ ಬಂದ ಆಯಿಯ ವಿಷಯದಲ್ಲಿ ವಿವೇಕ ಬೇಕು. ಆಕೆ ಹೇಳುವುದರಲ್ಲಿ ಆರಿಸಿಕೊಳ್ಳುವುದನ್ನು ಕಲಿಯಿರಿ. "ಹೊರಸಿನ ಬುಡಕ ಕೆಂಡಾ ಇಡ್ರಿ, ಕೂಸಿಗೆ ಲೋಬಾನದ ಹೊಗಿ ಹಿಡೀರಿ" ಎಂದರೆ ಮರುಮಾತಿಲ್ಲದೆ ಒಪ್ಪಿರಿ, ಪರಂಪರೆ ದೊಡ್ಡದು. ಅದೇ ಆಯಿ "ಕೂಸಿನ್ನ ಒಂದೀಟು ಬಿಸಲಿಗೆ ತರ್ರಿ, ಅಂಗಳದಾಗ ಬಿಡ್ರಿ, ಏನಾಗಂಗಿಲ್ಲ" ಎಂದರೆ ಹಳೇ ಕಾಲದವರೆಂದು ನಕ್ಕುಬಿಡಿರಿ. ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನು ನೆಕ್ಕಿಸುವವರು ಇನ್ನೂ ಇದ್ದಾರೆ. ಅಂಥವರಿದ್ದರೆ ಗೌರವದಿಂದ ಕರೆಸಿಕೊಳ್ಳಿರಿ. ಎದೆಹಾಲಿನಲ್ಲಿ ಕೂಸಿಗೆ ಅರಗದ ಸಕ್ಕರೆಗಳಿವೆ. ಅರಗದ್ದನ್ನು ತಾಯಿಯ ದೇಹ ಮಾಡುವುದು ಏಕೆಂದರೆ, ಅದು ಕೂಸಿಗಲ್ಲ, ಕೂಸಿನ ಕರುಳಲ್ಲಿ ಬೀಡು ಬಿಡುವ ಬೈಫಿಡೋ ಬ್ಯಾಕ್ಟೀರಿಯಾಗಳಿಗೆ ಬಡಿಸಿದ ಊಟ. ಬಿಟ್ಟಿ ಊಟ ಮಾಡಿದ ಆ ಅತಿಥಿಗಳು ಕೆಟ್ಟ ಕ್ರಿಮಿಗೆ ಜಾಗ ಬಿಡುವುದಿಲ್ಲ. ಹಾಗಾಗಿ ಊಟ ನಿಲ್ಲಿಸಿರಿ. ಆರು ತಿಂಗಳು ಬರೀ ಎದೆಹಾಲು ಎನ್ನುವ ಆಶಾ ಕಾರ್ಯಕರ್ತೆಗೆ ಚಹಾ ಕೊಟ್ಟು ಕಳಿಸಿರಿ.

ನೆಲಕ್ಕೆ ಬರೋಣ. ಫಿನೈಲಿನ ಡಬ್ಬಿಯ ಮೇಲೆ ಮುಚ್ಚಳದ ಅಳತೆ ಬರೆದಿರುತ್ತದೆ, ಅದನ್ನು ಓದಬೇಡಿರಿ. ಬಕೀಟಿಗೆ ಗಳಗಳ ಸುರಿಯಿರಿ. ವಾಸನೆ ಬೀದಿಗೆ ಬಂದರೆ ಸ್ವಚ್ಛ, ಬರದಿದ್ದರೆ ಕೊಳಕು ಎಂದು ತಿಳಿಯಿರಿ. ಕೈ ತೊಳೆಯುವುದಕ್ಕೆ ಕ್ರಿಮಿ ಕೊಲ್ಲುವುದೆಂದು ಬರೆದ ಸೋಪನ್ನೇ ಹುಡುಕಿರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಂಥ ಸೋಪುಗಳಿಂದ ತೆಗೆಸಿತು. ಇವು ಸಾದಾ ಸೋಪು ನೀರಿಗಿಂತ ಹೆಚ್ಚು ಎಂದು ತೋರಿಸಿರೆಂದಾಗ ತಯಾರಿಸುವವರಿಗೆ ತೋರಿಸಲಾಗಲಿಲ್ಲ. ಸಾದಾ ಸೋಪಿನಿಂದ ಶೌಚದ ನಂತರ, ಊಟದ ಮುಂಚೆ ಕೈ ತೊಳೆದರೆ ಸಾಕು ಎನ್ನುವ ಮಾತು ನಿಮಗೆ ಸಪ್ಪೆ ಎನಿಸಬೇಕು. ನೀವು ನೆಲವನ್ನು ದಿನಕ್ಕೆ ಮೂರು ಸಲ ಒರೆಸಿರಿ. ಕೈಯನ್ನು ನೆನಪಾದಾಗ ತೊಳೆಯಿರಿ.

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲಿಯೇ ಬಹಳ ಮಂದಿ ಸೋಲುತ್ತಾರೆ. ಕೂಸಿನ ರೋಗನಿರೋಧಕ ವ್ಯವಸ್ಥೆ ಹುಟ್ಟುತ್ತಲೇ ಎಲ್ಲ ಕಲಿತು ಬರುವುದಿಲ್ಲ. ಯಾವುದಕ್ಕೆ ಮೈಮೇಲೆ ಬೀಳಬೇಕು, ಯಾವುದನ್ನು ನೋಡಿ ಸುಮ್ಮನಿರಬೇಕು ಎಂಬ ತಾಲೀಮು ಮೊದಲ ಕೆಲವು ವರ್ಷಗಳಲ್ಲಿ ನಡೆಯುತ್ತದೆ. ತಾಲೀಮು ಕೊಡುವವರು ಮಣ್ಣು, ದನ, ಎಲೆ, ನಾಯಿ, ಅಕ್ಕ, ಅಣ್ಣ ಇವರೆಲ್ಲರ ಮೈಮೇಲಿನ ನಿರುಪದ್ರವಿ ಸೂಕ್ಷ್ಮಜೀವಿಗಳು. ಜೋಡಿ ಸಿಗದೆ ಬೆಳೆದ ಪೈಲ್ವಾನ ಕುಸ್ತಿ ನೋಡಲು ಬಂದವರ ಮೇಲೆಯೇ ಎಗರಿದ ಹಾಗೆ, ತಾಲೀಮಿಲ್ಲದ ಮೈ ಹೂವಿನ ಪರಾಗಕ್ಕೂ ದೂಳಿಗೂ ಶೇಂಗಾಕ್ಕೂ ಎಗರುತ್ತದೆ. ನಮಗೆ ಬೇಕಾದ ಪೈಲ್ವಾನ ಅಂಥವನು. ಗರಡಿಯ ಬಾಗಿಲಿಗೆ ಬೀಗ ಹಾಕಿರಿ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎಚ್ಚರ. ಅಂದು ಉತ್ತರ ಕರ್ನಾಟಕದ ಮಕ್ಕಳೆಲ್ಲ ಎರೆಮಣ್ಣು ಕಲಸಿ, ಮೊಣಕೈವರೆಗೆ ಮೆತ್ತಿಕೊಂಡು ಎತ್ತು, ಗೋದಲಿ ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ನೆವ ಮಾಡಿಕೊಂಡು ಮತ್ತೆ ಅದೇ ಮಣ್ಣಿಗೆ ಕೈ ಹಾಕುತ್ತಾರೆ. ನೀವು ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯ ಕಡೆ ಹೋಗಿ ಬಣ್ಣ ಬಳಿದ ತಯಾರಿ ಜೋಡಿ ತಂದುಬಿಡಿರಿ. ಪ್ಲಾಸ್ಟರಿನ ಎತ್ತಿನಲ್ಲಿ ಯಾವ ಜೀವವೂ ಇರುವುದಿಲ್ಲ, ಕೂಸಿಗೆ ದೂರದಿಂದ ತೋರಿಸಿ ಫೋಟೋ ತೆಗೆಯಲು ಬಹಳ ಚೆಂದ. ಅಂಗಳಕ್ಕೆ ಒಂದಂಗುಲ ಬಿಡದೆ ಪೇವರ್ ಹಾಸಿರಿ. ಫಿನ್ಲೆಂಡಿನವರು ಇದಕ್ಕೆ ತದ್ವಿರುದ್ಧ ಮಾಡಿ ನೋಡಿದರು: ಶಿಶುವಿಹಾರಗಳ ಜಲ್ಲಿ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲು, ಗಿಡ ತಂದು ಹಾಸಿ, 3ರಿಂದ 5 ವರ್ಷದ ಮಕ್ಕಳನ್ನು ಆಡಲು ಬಿಟ್ಟರು. 2020ರಲ್ಲಿ ಬಂದ ವರದಿಯ ಪ್ರಕಾರ 28 ದಿನದಲ್ಲಿ ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತವನ್ನು ಹದ್ದಿನಲ್ಲಿಡುವ ಗುರುತುಗಳೂ ಹೆಚ್ಚಿದವು. ಒಂದು ತಿಂಗಳ ಆಟ ನಿಮ್ಮ ವರ್ಷಗಳ ಶ್ರಮವನ್ನು ಹೀಗೆ ಹಾಳು ಮಾಡಬಲ್ಲದು.

ದನದ ಕೊಟ್ಟಿಗೆ ಇನ್ನೂ ಅಪಾಯದ್ದು. ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಪಂಗಡಗಳಿವೆ. ಇಬ್ಬರ ಮೂಲವೂ ಯುರೋಪು, ಊಟ ಉಡುಗೆ ಬಹುಮಟ್ಟಿಗೆ ಒಂದೇ ತರಹ. ಅಮಿಶರು ಮನೆಯ ಪಕ್ಕದಲ್ಲೇ ದನ ಕಟ್ಟಿ ಕುದುರೆಯಿಂದ ಉಳುತ್ತಾರೆ, ಮಕ್ಕಳು ಕೊಟ್ಟಿಗೆಯಲ್ಲೇ ಬೆಳೆಯುತ್ತವೆ. ಹಟರೈಟರದು ದೂರದಲ್ಲಿ ದೊಡ್ಡ ಯಂತ್ರದ ಬೇಸಾಯ. 2016ರಲ್ಲಿ ಸಂಶೋಧಕರು ಎರಡೂ ಕಡೆಯಿಂದ 30-30 ಶಾಲಾಮಕ್ಕಳ ರಕ್ತವನ್ನೂ ಮನೆಯ ದೂಳನ್ನೂ ಪರೀಕ್ಷಿಸಿದರು. ಬ್ಯಾಕ್ಟೀರಿಯಾದ ಹೊರಪದರದಿಂದ ಉದುರುವ ಎಂಡೋಟಾಕ್ಸಿನ್ ಅಮಿಶ್ ಮನೆಯ ದೂಳಿನಲ್ಲಿ 6.8 ಪಟ್ಟು ಹೆಚ್ಚಿತ್ತು. ಅಸ್ತಮಾ ಮಾತ್ರ ಅಮಿಶ್ ಮಕ್ಕಳಲ್ಲಿ ನೂರಕ್ಕೆ 5.2, ಹಟರೈಟ್ ಮಕ್ಕಳಲ್ಲಿ 21.3. ನಮ್ಮ ನಾಡಿನಲ್ಲಿ ಈ ಅಪಾಯಕ್ಕೆ ಧಾರವಾಡಿ ಎಮ್ಮೆ ಎಂದು ಹೆಸರು. 2021ರಲ್ಲಿ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿಯೆಂದು ಅದಕ್ಕೆ ಮಾನ್ಯತೆಯೂ ಸಿಕ್ಕಿತು. ಅದರ ಹಾಲಿನ ಪೇಡೆಯನ್ನು ಕಿಲೋಗಟ್ಟಲೆ ತಂದು ತಿನ್ನಿರಿ. ಎಮ್ಮೆಯ ಓಣಿಯ ಕಡೆ ಮಾತ್ರ ಕೂಸನ್ನು ಕರೆದೊಯ್ಯಬೇಡಿರಿ. ಅನಿವಾರ್ಯವಾಗಿ ದಾಟಬೇಕಾದರೆ ಕಾರಿನ ಗಾಜು ಏರಿಸಿರಿ. ಹಾಗೆಂದು ಯಾರಾದರೂ ಹೊಕ್ಕಳಿಗೆ ಸಗಣಿ ಹಚ್ಚಲು ಬಂದರೆ ತಡೆಯಬೇಡಿರಿ. ಧನುರ್ವಾಯುವಿನ ಬೀಜ ಅದರಲ್ಲಿರುತ್ತದೆ, ನಮ್ಮ ಕ್ರಮಕ್ಕೆ ಅದು ಹೊಂದುತ್ತದೆ.

ಅಣ್ಣ ಅಕ್ಕಂದಿರನ್ನೂ ಬಿಡಬೇಡಿರಿ. ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ವೈದ್ಯ 1989ರಲ್ಲಿ 17,000ಕ್ಕೂ ಹೆಚ್ಚು ಜನರ ದಾಖಲೆ ತಿರುವಿ, ಮನೆಯಲ್ಲಿ ಹಿರಿಯ ಮಕ್ಕಳು ಹೆಚ್ಚಿದ್ದಷ್ಟೂ ಕಿರಿಯದಕ್ಕೆ ಪರಾಗದ ನೆಗಡಿ ಕಡಿಮೆ ಎಂದು ಬರೆದ. ಈ ತಾಲೀಮಿನ ಇಡೀ ವಾದ ಶುರುವಾದದ್ದು ಆ ಎರಡು ಪುಟದ ಲೇಖನದಿಂದ. ಒಂದೇ ಕೂಸು ಇದ್ದರೆ ನಿಮಗೆ ಅದೃಷ್ಟ. ಓಣಿಯ ಮಕ್ಕಳು ಬಂದು "ಬಾಯಾರ, ಪಾಪೂನ್ನ ಆಡಾಕ ಕಳಸ್ರಿ" ಎಂದರೆ "ಅದಕ್ಕ ಥಂಡಿ ಆಗೇತಿ, ನಾಳಿಗೆ ಬರ್ರಿ" ಎನ್ನಿರಿ. ನಾಳೆಯೂ ಅದನ್ನೇ ಎನ್ನಿರಿ. ಸ್ವಲ್ಪ ದಿನದಲ್ಲಿ ಅದು ನಿಜವೂ ಆಗುತ್ತದೆ.

ಇಷ್ಟು ಕೇಳಿ ಸೂಕ್ಷ್ಮಜೀವಿಗಳೆಲ್ಲ ನಮ್ಮ ವೈರಿಗಳು ಎಂದುಕೊಳ್ಳಬೇಡಿರಿ. ಮಿತ್ರರೂ ಇದ್ದಾರೆ, ಅವರಿಗೆ ಮನೆಯಲ್ಲಿ ಜಾಗ ಕೊಡಿರಿ. ಮಳೆಗಾಲದಲ್ಲಿ ಮಾಳಿಗೆ ಸೋರಿ ಗೋಡೆ ತೇವ ಹಿಡಿದಾಗ ಬೂಷ್ಟು ಬೆಳೆಯುತ್ತದೆ. ಸೋರುವ ಜಾಗ ಹುಡುಕಿ ಗಿಲಾಯ ಮಾಡಿಸುವುದು ದಂಡ. ತಿಜೋರಿಯನ್ನು ಸರಿಸಿ ಆ ಗೋಡೆಗೆ ಆನಿಸಿರಿ, ಕಪ್ಪು ಕಾಣುವುದಿಲ್ಲ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲೇ ಒಣಹಾಕಿರಿ. ತೇವ ಮತ್ತು ಬೂಷ್ಟು ಇರುವ ಮನೆಯಲ್ಲಿ ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಬರೆದು ನಮಗೆ ಉಪಕಾರ ಮಾಡಿದೆ. ಗಾದಿಯನ್ನು ಬಿಸಿಲಿಗೆ ಹಾಕಬೇಡಿರಿ. ಗಾದಿಯ ದೂಳುಹುಳ ನಮ್ಮ ಚರ್ಮದ ಪುಡಿ ತಿಂದು, ಗಾಳಿಯ ತೇವ ಹೀರಿ ಬದುಕುವ ಸಾಧು ಪ್ರಾಣಿ. ಒಣ ಬಿಸಿಲು ಮತ್ತು 55 ಡಿಗ್ರಿಗಿಂತ ಬಿಸಿಯಾದ ನೀರು ಅದಕ್ಕೆ ಆಗಿಬರುವುದಿಲ್ಲ. ಹಬ್ಬ ಬಂತೆಂದರೆ ಕೌದಿಗಳನ್ನೆಲ್ಲ ಹಳ್ಳಕ್ಕೆ ಹೊತ್ತು, ಬಂಡೆಗೆ ಬಡಿದು ಒಗೆದು, ದಿನವಿಡೀ ಬಿಸಿಲಲ್ಲಿ ಹರವುತ್ತಿದ್ದ ನಮ್ಮ ಅವ್ವಂದಿರು ಇಂಥ ಎಷ್ಟು ಕೋಟಿ ಸಂಸಾರ ಒಡೆದರೋ! ನೀವು ಗಾದಿಗೆ ಪ್ಲಾಸ್ಟಿಕ್ಕಿನ ಹೂವಿನ ಚಾದರ ಹೊದಿಸಿ ಅಲ್ಲೇ ಬಿಡಿರಿ.

ಎಲ್ಲಕ್ಕಿಂತ ಮುಖ್ಯ ನೀರು. ಈ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡದವರು ಜಗತ್ತಿಗೇ ಪಾಠವಾದವರು. ಮಲಪ್ರಭೆಯ ನವಿಲುತೀರ್ಥದಿಂದ, ನೀರಸಾಗರದಿಂದ ಬರುವ ನೀರು ವಾರ್ಡಿಗೆ ಕೆಲವು ದಿನಕ್ಕೊಮ್ಮೆ ಎಂಬ ಪದ್ಧತಿ ಇತ್ತು. 2008ರ ಸುಮಾರಿಗೆ ಕೆಲವೇ ವಾರ್ಡುಗಳಿಗೆ ಪ್ರಯೋಗವಾಗಿ ದಿನದ 24 ತಾಸೂ ನೀರು ಬಿಟ್ಟರು. ಒಂದೇ ಊರು, ಒಂದೇ ನೀರು, ಎರಡು ಪದ್ಧತಿ. ಇದನ್ನು ಕಂಡು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಬಾಟಲಿ ಹಿಡಿದು ಬಂದರು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಮಲದ ಸಂಪರ್ಕ ತೋರುವ ಈ-ಕೋಲೈ ಬ್ಯಾಕ್ಟೀರಿಯಾ, ಸದಾ ನೀರಿರುವ ನಳಗಳ ಮಾದರಿಗಳಲ್ಲಿ ನೂರಕ್ಕೆ 0.7ರಲ್ಲಿ, ಬಿಟ್ಟು ಬಿಟ್ಟು ಬರುವ ನಳಗಳಲ್ಲಿ 31.7ರಲ್ಲಿ. ಖಾಲಿ ಬಿದ್ದ ಪೈಪಿನ ಬಿರುಕಿನಿಂದ ಗಟಾರದ ನೀರು ಒಳಗೆ ಜಿನುಗುತ್ತದೆ, ನಳಾ ಬಂದ ಕೂಡಲೇ ಅದು ಮುಂದೆ ಓಡಿ ಬರುತ್ತದೆ. ಆದ್ದರಿಂದ "ನಳಾ ಬಂತೂ" ಎಂದು ಓಣಿಯಲ್ಲಿ ಕೂಗು ಎದ್ದ ತಕ್ಷಣ ಮೊದಲ ಕೊಡವನ್ನೇ ಕುಡಿಯುವುದಕ್ಕೆ ಹಿಡಿಯಿರಿ. ಎರಡನೆಯದು ಬಟ್ಟೆಗೆ, ಮೂರನೆಯದು ಗಾಡಿ ತೊಳೆಯುವುದಕ್ಕೆ. ಒಳ್ಳೆಯ ನೀರು ಗಾಡಿಗೆ ಬೇಕು.

ನಿಮ್ಮ ವಾರ್ಡಿಗೆ ಸದಾ ನೀರು ಬಂದುಬಿಟ್ಟರೆ ಎದೆಗುಂದಬೇಡಿರಿ. ಅಂಥ ಮನೆಯವರೂ ಹಳೇ ರೂಢಿ ಬಿಡದೆ ನೀರು ತುಂಬಿಟ್ಟು, ಶುದ್ಧವಾಗಿ ಬಂದದ್ದನ್ನು ಮನೆಯಲ್ಲೇ ಕೆಡಿಸಿಕೊಂಡರು ಎಂದು ಅದೇ ಅಧ್ಯಯನ ಹೇಳುತ್ತದೆ. ಕೊಡಕ್ಕೆ ಮುಚ್ಚಳ ಹಾಕಬೇಡಿರಿ. ಉದ್ದ ಹಿಡಿಯ ಸವಟು, ಕೆಳಗೆ ನಲ್ಲಿ ಇರುವ ಡ್ರಮ್ಮು ಇವೆಲ್ಲ ಬೇಡ. ಚರಿಗೆಯನ್ನು ಬೆರಳು ಮುಳುಗುವಂತೆ ಅದ್ದಿರಿ, ಬಚ್ಚಲಿಗೂ ದೇವರಿಗೂ ಕೂಸಿಗೂ ಒಂದೇ ಚರಿಗೆ ಇರಲಿ. 2015ರಲ್ಲಿ ಆಯ್ಷೆ ಎರ್ಜುಮೆನ್ ಮತ್ತು ಸಂಗಡಿಗರು ಇಲ್ಲಿನ 3,922 ಮನೆಗಳನ್ನು ಹಿಂಬಾಲಿಸಿದ ವರದಿ ಬಂತು. ಸದಾ ನೀರಿನ ವಾರ್ಡುಗಳಲ್ಲಿ ಕಡಿಮೆ ಆದಾಯದ ಮನೆಗಳ ಐದು ವರ್ಷದೊಳಗಿನ ಮಕ್ಕಳ ರಕ್ತಭೇದಿ ನೂರಕ್ಕೆ 37ರಷ್ಟು, ಒಟ್ಟು ಮನೆಗಳಲ್ಲಿ ಟೈಫಾಯಿಡ್ 42ರಷ್ಟು ಕಡಿಮೆ. ಸಾಮಾನ್ಯ ಭೇದಿಯಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಳ ಸುಧಾರಿಸಿದರೂ ಚರಿಗೆ ಸೋಲಲಿಲ್ಲ. ನೋಡಿರಿ, ನಮ್ಮ ಹೊಲದ ಮಣ್ಣಿನ ಜೀವಿ ಬೇರೆ, ಗಟಾರದ ಜೀವಿ ಬೇರೆ. ಮೊದಲಿನದು ಕಲಿಸುತ್ತದೆ, ಎರಡನೆಯದು ಮಲಗಿಸುತ್ತದೆ. ಇವೆರಡರ ನಡುವೆ ಗೊಂದಲ ಮಾಡಿಕೊಂಡು ಫಿನೈಲನ್ನು ಅಂಗಳಕ್ಕೂ ಚರಿಗೆಯನ್ನು ಕೊಡಕ್ಕೂ ಬಿಡುವುದೇ ಈ ಕಲೆಯ ಜೀವಾಳ.

ಊಟದಲ್ಲಿ ಶೇಂಗಾ ತೆಗೆದುಬಿಡಿರಿ. ಕಷ್ಟ, ಒಪ್ಪುತ್ತೇನೆ, ನಮ್ಮ ಕಡೆ ಚಟ್ನಿಯಿಂದ ಹೋಳಿಗೆಯವರೆಗೆ ಅದೇ. ಆದರೂ ಎರಡು ಮೂರು ವರ್ಷ ಕೂಸಿನ ಬಾಯಿಗೆ ಸೋಕಿಸಬೇಡಿರಿ, "ಹೀಟ್ ಆಗ್ತದ" ಎನ್ನಿರಿ. ಲಂಡನ್ನಿನಲ್ಲಿ ಅಲರ್ಜಿಯ ಅಪಾಯವಿದ್ದ 640 ಕೂಸುಗಳಲ್ಲಿ ಅರ್ಧಕ್ಕೆ 11 ತಿಂಗಳು ತುಂಬುವ ಮೊದಲೇ ಶೇಂಗಾ ತಿನ್ನಿಸತೊಡಗಿ, ಉಳಿದರ್ಧಕ್ಕೆ ಐದು ವರ್ಷ ದೂರವಿಟ್ಟರು. 2015ರ ಫಲಿತಾಂಶ: ದೂರವಿಟ್ಟವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಶೇಂಗಾ ಅಲರ್ಜಿ, ತಿಂದವರಲ್ಲಿ ಸುಮಾರು 3. ಆರು ತಿಂಗಳಾದ ಮೇಲೆ ನುಣ್ಣಗೆ ಅರೆದು ಅಂಬಲಿಯಲ್ಲಿ ಕಲಸಿ ಕೊಡುವ ಆಯಿಯ ಪದ್ಧತಿಯಲ್ಲಿ ಇಡೀ ಕಾಳು ಗಂಟಲಿಗೆ ಸಿಗುವ ಅವಕಾಶವೂ ತಪ್ಪುತ್ತದೆ, ಅಲರ್ಜಿಯೂ ತಪ್ಪುತ್ತದೆ. ಎರಡು ನಷ್ಟ.

ಮೂಗು ಸುರಿಯಲು ಶುರುವಾಯಿತೇ? ಅಭಿನಂದನೆ. ನೇರ ಮೆಡಿಕಲ್ ಅಂಗಡಿಗೆ ನಡೆಯಿರಿ. ನೆಗಡಿ ವೈರಸ್ಸಿನಿಂದ ಬರುತ್ತದೆ, ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ, ನಿಜ. ಆದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಮುಟ್ಟುತ್ತದೆ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೂ ಎಳೆದ ಕೆಂಪು ಗೆರೆಯನ್ನು ಅಲಂಕಾರವೆಂದು ತಿಳಿಯಿರಿ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿರಿ ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಆ ಗೆರೆಯ ಪ್ರಚಾರ ಮಾಡಿತ್ತು. ಎರಡು ದಿನ ಕುಡಿಸಿ, ಜ್ವರ ಇಳಿದೊಡನೆ ನಿಲ್ಲಿಸಿ, ಉಳಿದ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ತಮ್ಮನಿಗೆಂದು ಕಾದಿಡಿರಿ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗದ ವರದಿ 2017ರಲ್ಲಿ ಬಂತು: ಒಂದು ವಾರ ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ಸನ್ನು ಅದರ ಆಹಾರದ ಜೊತೆ ಕೊಟ್ಟದ್ದಕ್ಕೆ, ರಕ್ತದ ಸೋಂಕು ಅಥವಾ ಸಾವು ನೂರಕ್ಕೆ 9ರಿಂದ 5.4ಕ್ಕೆ ಇಳಿಯಿತು. ಒಳ್ಳೆಯ ಬ್ಯಾಕ್ಟೀರಿಯಾ ಇಷ್ಟು ಕೆಲಸ ಮಾಡುತ್ತದೆಂದು ಗೊತ್ತಾದ ಮೇಲೂ ಅದನ್ನು ಕೊಲ್ಲಲು ದುಡ್ಡು ಖರ್ಚು ಮಾಡುವವರಿಗೆ ಗಟ್ಟಿ ಮನಸ್ಸು ಬೇಕು. ನಿಮಗಿದೆ.

ಲಸಿಕೆ ಮುಂದೂಡಿರಿ. ಮೈಗೆ ನಿಜವಾದ ರೋಗ ತಾರದೆ ತಾಲೀಮು ಮಾತ್ರ ಕೊಡುವ, ಆರು, ಹತ್ತು, ಹದಿನಾಲ್ಕು ವಾರಕ್ಕೆ ಅಂಗನವಾಡಿಯಲ್ಲೇ ಪುಕ್ಕಟೆ ಸಿಗುವ ವಸ್ತು ಅದು. ಪುಕ್ಕಟೆಯದಕ್ಕೆ ಬೆಲೆ ಇಲ್ಲ. "ಸಹಜವಾಗಿ ಶಕ್ತಿ ಬರಲಿ" ಎನ್ನಿರಿ, ಅಂಗಳದ ಪೇವರ್ ಮೇಲೆ ನಿಂತುಕೊಂಡು.

ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿ ಕೂಸಿನ ಎದೆ ಸುಂಯ್ ಎನ್ನುತ್ತದೆ. ಡಾಕ್ಟರು ಮನೆಯ ಬಗ್ಗೆ ಕೇಳುತ್ತಾರೆ. "ಮನೀ ಭಾಳ ಸ್ವಚ್ಛ ಇಟ್ಟೀವ್ರಿ ಸರ್, ಕೂಸಿನ ಕಾಲಿಗೆ ಒಂದು ಕಣ ಮಣ್ಣು ಹತ್ತಿಲ್ಲ" ಎಂದು ಹೇಳಿರಿ. ಬತ್ತಿ, ಬೂಷ್ಟು, ಚರಿಗೆ ಇವುಗಳ ಸುದ್ದಿ ತೆಗೆಯಬೇಡಿರಿ. ಅವರು ಇನ್ಹೇಲರ್ ಬರೆದರೆ ಕೈ ಮುಗಿದು ಬೇಡವೆನ್ನಿರಿ. "ಅದು ಚಟ ಆಗ್ತದಂತ್ರಿ, ನಾಕು ಮಂದಿ ನೋಡಿದರ ಏನ ಅಂತಾರ? ಗುಳಿಗಿ ಕೊಡ್ರಿ" ಎನ್ನಿರಿ. ಸಾಲ್ಬುಟಮಾಲ್ ಇನ್ಹೇಲರನ್ನು ಒಮ್ಮೆ ಒತ್ತಿದರೆ ಬರುವ ಔಷಧ 100 ಮೈಕ್ರೋಗ್ರಾಂ, ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಅದೇ ಔಷಧದ ಗುಳಿಗೆಯಲ್ಲಿ ಇರುವುದು 2 ಅಥವಾ 4 ಮಿಲಿಗ್ರಾಂ, ಅಂದರೆ ಇಪ್ಪತ್ತರಿಂದ ನಲವತ್ತು ಪಟ್ಟು, ಮತ್ತು ಅದು ಇಡೀ ಮೈ ಸುತ್ತಿ ಎದೆಗೆ ತಲುಪುತ್ತದೆ.